ಕಿವಿ ಹರಿಯದ ಬೆಡಗು

ಬಳಗಾನೂರಿನ ಸುತ್ತಲಿನ ಹಳ್ಳಿಗಳಲ್ಲಿ ವಯಸ್ಸಾದ ಹೆಣ್ಣುಮಕ್ಕಳ ಕಿವಿ ನೋಡಿದರೆ ಒಡವೆಯ ಚರಿತ್ರೆ ತಿಳಿಯುತ್ತದೆ. ಕೆಲವರ ಕಿವಿಯ ತೂತು ಜಗ್ಗಿ, ಹಾಲೆ ಹರಿಯುವ ಮಟ್ಟಕ್ಕೆ ಬಂದಿರುತ್ತದೆ. ಅಷ್ಟೇ ತೂಕದ ಬೆಂಡೋಲೆ, ಜುಮುಕಿ ಇಟ್ಟುಕೊಂಡು ಬದುಕಿದ ಇನ್ನು ಕೆಲವರ ಕಿವಿ ನೆಟ್ಟಗೇ ಉಳಿದಿರುತ್ತದೆ. ಅವರನ್ನು ಕಾಪಾಡಿದ್ದು ಕೆನ್ನೆಸರಪಳಿ. ಜುಮುಕಿಯ ಭಾರವನ್ನು ಕಿವಿಯ ಮೇಲಿಂದ ಎತ್ತಿ ಕೂದಲಿಗೆ ದಾಟಿಸುವ ಆ ಎಳೆಯನ್ನು ನಾವು ಬರೀ ಚೆಂದಕ್ಕೆಂದು ತಿಳಿದಿದ್ದೇವೆ. ದೊಡ್ಡ ಒಡವೆ ಮಾಡುವ ಧೈರ್ಯ ಪತ್ತಾರರಿಗೆ ಬಂದದ್ದೇ ಇಂಥ ಸಣ್ಣ ಉಪಾಯಗಳಿಂದ ಎಂದು ನಾನು ನಂಬಿದ್ದೇನೆ.

ಈ ಸೀಮೆಯಲ್ಲಿ ಬಂಗಾರದ ನಂಟು ಹಳೆಯದು. ಮಸ್ಕಿಯ ಅಶೋಕನ ಶಾಸನವನ್ನು 1915ರಲ್ಲಿ ಕಂಡ ಸಿ. ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಪ್ರಾಚೀನರು 600 ಅಡಿಗೂ ಆಳಕ್ಕೆ ಅಗೆದ ಗುರುತುಗಳಿವೆ. 1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ನಡೆಸಿದಾಗ ಸಿಕ್ಕ ವಸ್ತುಗಳಲ್ಲಿ ಬಗೆಬಗೆಯ ಕಲ್ಲಿನ ಮಣಿಗಳೂ ಇದ್ದವು. ಅಂಥ ಗಟ್ಟಿ ಕಲ್ಲಿಗೆ ತೂತು ಕೊರೆಯುವುದು ಅರ್ಧ ಕೆಲಸ. ತೂತಿನ ಬಾಯಿ ಹರಿತವಾಗಿ ಉಳಿದರೆ ಮಣಿಯೇ ತನ್ನ ದಾರವನ್ನು ಕೊಯ್ದುಹಾಕುತ್ತದೆ. ಬಾಯಿ ನಯವಾದರೆ ಮಾತ್ರ ಸರ ಕೊರಳಲ್ಲಿ ನಿಲ್ಲುತ್ತದೆ.

ಈ ತಿಳಿವಳಿಕೆ ಪಳಗಿ ನಿಂತದ್ದನ್ನು ಬೋರಮಾಳದಲ್ಲಿ ನೋಡಬೇಕು. ಬಾರಿಹಣ್ಣಿನಂಥ ಆ ಗುಂಡುಗಳು ಗಟ್ಟಿ ಬಂಗಾರದವಾಗಿದ್ದರೆ ಹೊರುವುದೂ ಕಷ್ಟ, ಕೊಳ್ಳುವುದೂ ಕಷ್ಟ. ಪತ್ತಾರರು ತೆಳು ತಗಡಿನಲ್ಲಿ ಗುಂಡು ಮಾಡಿ ಒಳಗೆ ಅರಗು ತುಂಬಿದರು. ನೋಡಲು ದಪ್ಪ, ಹೊರಲು ಹಗುರ. ಒಳಗಿನ ಅರಗು ತಗಡು ನಗ್ಗದಂತೆ ತಡೆಯುತ್ತದೆ. ಹಿಂದುಗಡೆ ಲೋಹದ ಕೊಂಡಿಯ ಬದಲು ದಾರದ ಜಾರುಗಂಟು. ಉದ್ದ ಬೇಕೆಂದರೆ ಸಡಿಲಿಸಬಹುದು, ಎಲ್ಲಾದರೂ ಸಿಕ್ಕಿಕೊಂಡರೆ ಮೊದಲು ಹರಿಯುವುದು ದಾರ, ಕುತ್ತಿಗೆ ಉಳಿಯುತ್ತದೆ. ಕಾಲುವೆ ನೀರು ಬಂದು ಭತ್ತದ ನಾಟಿ, ಒಕ್ಕಣೆ ಯಂತ್ರ ಎಲ್ಲ ಬಂದ ಈ ಊರುಗಳಲ್ಲಿ ಅದು ಸಣ್ಣ ಮಾತಲ್ಲ. ಇದರ ದೌರ್ಬಲ್ಯ ಶಾಖ: ಒಲೆಯ ಉರಿಗೆ ಅರಗು ಮೆತ್ತಗಾಗುತ್ತದೆ, ಬೆಸುಗೆ ಹಾಕಬೇಕಾದರೆ ಅದನ್ನು ಪೂರ್ತಿ ತೆಗೆದು ಮತ್ತೆ ತುಂಬಬೇಕು.

ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ದಿಟ್ಟತನ ಇನ್ನೊಂದು ಬಗೆಯದು. ಘುಗ್ರಿ, ಟೋಪ್ಲಿ ಕೆನ್ನೆಯ ಪಕ್ಕ ತೂಗುತ್ತವೆ, ಆದರೆ ತೂಕ ಹೊರುವುದು ಜಡೆ. ತೋಳು ತುಂಬ ಇಡುತ್ತಿದ್ದ ಆನೆದಂತದ ಬಳೆಗಳ ಜಾಗಕ್ಕೆ ಎಲುಬು, ಪ್ಲಾಸ್ಟಿಕ್ ಬಂದವು; ವನ್ಯಜೀವಿ ಕಾಯ್ದೆಯ 1986 ಮತ್ತು 1991ರ ತಿದ್ದುಪಡಿಗಳು ದಂತದ ವ್ಯಾಪಾರದ ಬಾಗಿಲನ್ನೇ ಮುಚ್ಚಿದವು. ಹಗುರಾದವು ನಿಜ, ಆದರೆ ಬೇಸಿಗೆಯ ಬೆವರಿಗೆ ಪ್ಲಾಸ್ಟಿಕ್ ಹಿತವಲ್ಲ.

ಪತ್ತಾರರಿಗೆ ದೊಡ್ಡ ಏಟು ಬಿದ್ದದ್ದು 1963ರಲ್ಲಿ. ಚಿನ್ನ ನಿಯಂತ್ರಣದ ನಿಯಮ 14 ಕ್ಯಾರೆಟ್ಟಿಗಿಂತ ಶುದ್ಧವಾದ ಒಡವೆ ಮಾಡುವುದನ್ನೇ ನಿಷೇಧಿಸಿತು. ಮೆತ್ತಗಿನ ಚಿನ್ನದಲ್ಲಿ ಪಳಗಿದ ಕೈಗಳು ದೇಶದುದ್ದಕ್ಕೂ ಕೆಲಸ ಕಳೆದುಕೊಂಡವು. ಮುಂದೆ ಬಂದ ಚಿನ್ನ ನಿಯಂತ್ರಣ ಕಾಯ್ದೆ ರದ್ದಾದದ್ದು 1990ರಲ್ಲಿ.

ಆಮೇಲೆ ಅಂಗಡಿಗಳ ಬೋರ್ಡಿನಲ್ಲಿ ‘ಕೆಡಿಎಂ’ ಎಂಬ ಮೂರಕ್ಷರ ರಾರಾಜಿಸಿತು. ಅದು ಕ್ಯಾಡ್ಮಿಯಂ ಬೆಸುಗೆ. ಸಣ್ಣ ಉರಿಗೇ ಕರಗಿ ಕೂಡಿಕೊಳ್ಳುತ್ತದೆ, ಒಡವೆಯ ಶುದ್ಧತೆಯೂ ಇಳಿಯದು. ಗಿರಾಕಿಗೆ ಅದು ಹೆಮ್ಮೆಯ ಮಾತಾಯಿತು. ಚಿನ್ನ ಕರಗುವುದು 1064 ಡಿಗ್ರಿಗೆ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಊದುಗೊಳವೆ ಬಾಯಲ್ಲಿಟ್ಟು ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವನು ಆ ಹೊಗೆಯನ್ನೇ ಉಸಿರಾಡಬೇಕು, ಅದು ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಒಡವೆಯ ಸುರಕ್ಷತೆ ಅಂದಾಗ ತೊಡುವವರನ್ನು ಮಾತ್ರ ನೆನೆಯುವುದು ನನಗೆ ಸರಿ ಕಾಣುವುದಿಲ್ಲ. ಮಾಡುವವನ ಎದೆಯೂ ಲೆಕ್ಕಕ್ಕೆ ಬರಬೇಕು.

2000ದಲ್ಲಿ ಹಾಲ್‌ಮಾರ್ಕ್ ಬಂತು, 2021ರ ಜೂನ್‌ನಿಂದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ಅದು ಚಿನ್ನದ ಶುದ್ಧತೆಗೆ ಸಾಕ್ಷಿ. ತಿರುಪು ಸಡಿಲವೇ, ಅಂಚು ಹರಿತವೇ ಎಂಬುದನ್ನು ಯಾವ ಮುದ್ರೆಯೂ ಹೇಳುವುದಿಲ್ಲ.

ಈಗ ಕಾಲೇಜು ಹುಡುಗಿಯರು ಮಣ್ಣಿನ, ರೇಷ್ಮೆ ದಾರದ, ಹಿತ್ತಾಳೆಯ ದೊಡ್ಡ ದೊಡ್ಡ ಒಡವೆಗಳನ್ನು ಮನೆಯಲ್ಲೇ ಮಾಡಿ ಮಾರುತ್ತಾರೆ. ಬಣ್ಣ, ಆಕಾರಗಳಲ್ಲಿ ಅವರಿಗಿರುವ ಧೈರ್ಯ ನನಗೆ ಬಹಳ ಇಷ್ಟ. ಆದರೆ ಮುಂಭಾಗಕ್ಕೆ ಎರಡು ದಿನ ಕೂತವರು ಕಿವಿಯೊಳಗೆ ಹೋಗುವ ಕಡ್ಡಿಯನ್ನು ಪೇಟೆಯಿಂದ ಡಜನ್ನುಗಟ್ಟಲೆ ತರುತ್ತಾರೆ. ನಿಕಲ್ ಬೆರೆತ ಕಡ್ಡಿಯಾದರೆ ಕೆಲವರಿಗೆ ಬೆವರು ತಾಗುತ್ತಲೇ ತುರಿಕೆ, ಕೀವು. ಯುರೋಪಿನಲ್ಲಿ 1994ರಲ್ಲೇ ಇದಕ್ಕೆ ಮಿತಿ ಹಾಕಿದರು. ಕಡ್ಡಿಯೊಂದನ್ನಾದರೂ ಬೆಳ್ಳಿಯದು ಹಾಕಿದರೆ ಎಷ್ಟೋ ಕಿವಿ ಉಳಿಯುತ್ತವೆ.

ಮೊನ್ನೆ ಒಬ್ಬ ಹಿರಿಯ ಪತ್ತಾರರ ಮುಂದೆ ಕೂತಿದ್ದೆ. ಅಂಗೈ ಅಗಲದ ಪದಕ ಮುಗಿದಿತ್ತು, ಹೊಳೆಯುತ್ತಿತ್ತು. ಅವರು ಅದನ್ನು ಬೋರಲು ಹಾಕಿ, ಹೆಗಲ ಮೇಲಿನ ಟಾವೆಲ್‌ನಿಂದ ಹಿಂಬದಿಯನ್ನು ಮೆಲ್ಲಗೆ ಒರೆಸಿದರು. ಕೊಂಡಿಯ ಬುಡದಲ್ಲಿ ನೂಲಿನ ಒಂದೆಳೆ ಸಿಕ್ಕಿಕೊಂಡಿತು. ಏನೂ ಮಾತಾಡದೆ ಮತ್ತೆ ಅರ ಕೈಗೆತ್ತಿಕೊಂಡರು.