ಕೆಂಗಲ್ ಹನುಮಂತಯ್ಯನವರು ಮತ್ತು ಕನ್ನಡನಾಡಿನ ಏಕೀಕರಣ

ಬೆಂಗಳೂರಿನ ವಿಧಾನಸೌಧವನ್ನು ಕಂಡವರಿಗೆ ಕೆಂಗಲ್ ಹನುಮಂತಯ್ಯನವರ ನೆನಪು ಬಾರದೆ ಇರದು. ಆ ಭವ್ಯ ಶಿಲಾಮಂದಿರವೇ ಅವರ ಜೀವಿತದ ಮಹಾಕಾರ್ಯವೆಂದು ಹಲವರ ಭಾವನೆ. ಆದರೆ ಅದಕ್ಕಿಂತ ಕಠಿನವಾದ ಕಾರ್ಯವೊಂದು ಅವರ ಪಾಲಿಗೆ ಬಂದಿತ್ತು. ತಮ್ಮ ಪದವಿಗೇ ಸಂಚಕಾರವಾಗಬಹುದಾಗಿದ್ದ ಕರ್ನಾಟಕದ ಏಕೀಕರಣವನ್ನು ಆ ಪದವಿಯಲ್ಲಿ ಕುಳಿತೇ ಎತ್ತಿಹಿಡಿದುದು ಆ ಕಾರ್ಯ.

ಹನುಮಂತಯ್ಯನವರು ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯಲ್ಲಿ ೧೯೦೮ರಲ್ಲಿ ಒಕ್ಕಲು ಮನೆತನದಲ್ಲಿ ಜನಿಸಿದರು. ವಕೀಲರಾದರು, ಕಾಂಗ್ರೆಸ್ಸಿಗೆ ಸೇರಿ ಸೆರೆಮನೆಯನ್ನು ಕಂಡರು, ಭಾರತದ ಸಂವಿಧಾನ ಸಭೆಯ ಸದಸ್ಯರಾದರು. ಮೊದಲನೆಯ ಮಹಾಚುನಾವಣೆಯ ತರುವಾಯ, ೧೯೫೨ರ ಮಾರ್ಚಿ ೩೦ರಂದು, ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾದರು.

ಆಗಿನ ಮೈಸೂರು ಒಂಬತ್ತು ಜಿಲ್ಲೆಗಳ ರಾಜ್ಯ. ಉಳಿದ ಕನ್ನಡಿಗರು ಮುಂಬಯಿ, ಹೈದರಾಬಾದು, ಮದರಾಸು, ಕೊಡಗುಗಳ ಆಡಳಿತಗಳಲ್ಲಿ ಹಂಚಿಹೋಗಿದ್ದರು. ಹೊರಗಿನ ಕನ್ನಡಿಗರಿಗೆ ಏಕೀಕರಣವೆಂಬುದು ಬಹುಕಾಲದ ಹಂಬಲ. ಆದರೆ ಮೈಸೂರಿನೊಳಗೆ ಹಲವರಿಗೆ ಅದು ಶಂಕೆಯ ವಿಷಯ. ಶಿವನಸಮುದ್ರದ ವಿದ್ಯುತ್ತು, ಕೃಷ್ಣರಾಜಸಾಗರದ ನೀರು, ಭದ್ರಾವತಿಯ ಕಬ್ಬಿಣ, ತಮ್ಮದೇ ವಿಶ್ವವಿದ್ಯಾನಿಲಯ ಇವೆಲ್ಲ ಅವರಿಗಿದ್ದುವು. ಹಿಂದುಳಿದ ಪ್ರದೇಶಗಳು ಬಂದು ಸೇರಿದರೆ ತಮ್ಮ ಬೊಕ್ಕಸ ಬರಿದಾದೀತೆಂಬ ಭಯ ಒಂದು ಕಡೆ. ಕೋಮುಗಳ ಸಂಖ್ಯಾಬಲ ಬದಲಾಗಿ ಅಧಿಕಾರ ಕೈತಪ್ಪೀತೆಂಬ ಲೆಕ್ಕಾಚಾರ ಇನ್ನೊಂದು ಕಡೆ. ಹೀಗೆ ಹಿಂಜರಿದವರಲ್ಲಿ ಮುಖ್ಯಮಂತ್ರಿಗಳ ಸ್ವಪಕ್ಷದವರೂ ಇದ್ದರು ಎಂಬುದನ್ನು ಗಮನಿಸಬೇಕು.

ಹನುಮಂತಯ್ಯನವರು ಈ ಭಯವನ್ನು ಹಗುರವಾಗಿ ತಳ್ಳಿಹಾಕಲಿಲ್ಲ. ಏಕೀಕರಣದಿಂದಾಗುವ ಪರಿಣಾಮಗಳನ್ನು ಅಂಕಿ ಅಂಶಗಳಿಂದ ಪರಿಶೀಲಿಸಲು ಅವರ ಸರ್ಕಾರ ಸತ್ಯಶೋಧನ ಸಮಿತಿಯೊಂದನ್ನು ನೇಮಿಸಿತು. ೧೯೫೩ರ ಅಕ್ಟೋಬರ್ ೧ರಂದು ಆಂಧ್ರರಾಜ್ಯವು ಹುಟ್ಟಿದಾಗ ಬಳ್ಳಾರಿ ಜಿಲ್ಲೆಯ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು ೧೯೫೫ರಲ್ಲಿ ಕನ್ನಡಿಗರ ಒಂದು ರಾಜ್ಯವಾಗಬೇಕೆಂದು ಶಿಫಾರಸು ಮಾಡಿತು. ಆ ವರದಿಯು ಮೈಸೂರು ವಿಧಾನಸಭೆಯ ಮುಂದೆ ಬಂದಾಗ ಅವರು ಏಕೀಕರಣದ ಪರವಾಗಿ ನಿಂತರು.

ಭಾಷೆಯಲ್ಲಿ ಈ ಒಗ್ಗೂಡಿಕೆ ಹಿಂದೆಯೇ ಆಗಿಹೋಗಿತ್ತು. ಗದುಗಿನ ನಾರಣಪ್ಪನ ಭಾರತವನ್ನು ಮೈಸೂರು ಸೀಮೆಯ ಹಳ್ಳಿಗರು ಗಮಕಿಗಳ ಬಾಯಿಂದ ಕೇಳುತ್ತ ಬಂದವರೇ. ಕವಿ ಪರರಾಜ್ಯದವನೆಂದು ಯಾರೂ ಎಣಿಸಿರಲಿಲ್ಲ. ಹನುಮಂತಯ್ಯನವರೂ ಆ ಕಾವ್ಯದ ಅಭಿಮಾನಿಗಳು. ಸಾಮಾನ್ಯರ ಕೈಗೆಟಕುವ ಬೆಲೆಯಲ್ಲಿ ಅದನ್ನು ಸರ್ಕಾರದಿಂದ ಅಚ್ಚುಮಾಡಿಸುವ ಯೋಜನೆಗೆ ಅವರ ಆಸಕ್ತಿಯೇ ಮೂಲ. ಕುವೆಂಪು ಮತ್ತು ಮಾಸ್ತಿಯವರು ಸಂಪಾದಿಸಿದ ಆ ಆವೃತ್ತಿ ೧೯೫೮ರಲ್ಲಿ ಹೊರಬಂದಿತು.

ಅಷ್ಟರಲ್ಲಿ ಅವರು ಅಧಿಕಾರದಲ್ಲಿರಲಿಲ್ಲ. ೧೯೫೬ರ ಆಗಸ್ಟಿನಲ್ಲಿ ಸ್ವಪಕ್ಷದ ಶಾಸಕರ ಬೆಂಬಲ ತಪ್ಪಿ ಅವರು ರಾಜೀನಾಮೆಯಿತ್ತರು. ಇದಕ್ಕೆ ಏಕೀಕರಣವೊಂದೇ ಕಾರಣವೆಂದು ಹೇಳಲಾಗದು. ಅವರ ಖಂಡಿತ ಸ್ವಭಾವ ಕೆಲವರಿಗೆ ಹಿಡಿಸಿರಲಿಲ್ಲ; ವಿಧಾನಸೌಧದ ವೆಚ್ಚವೂ ಟೀಕೆಗೆ ಗುರಿಯಾಗಿತ್ತು. ಆದರೆ ಏಕೀಕರಣಕ್ಕೆ ಅಡ್ಡಿ ಮಾಡಿದ್ದರೆ ಅವರ ವಿರೋಧಿಗಳ ಸಂಖ್ಯೆ ಕಡಮೆಯಾಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಕಡಿದಾಳು ಮಂಜಪ್ಪನವರು ಕೆಲವು ವಾರಗಳ ಕಾಲ ಮುಖ್ಯಮಂತ್ರಿಗಳಾಗಿದ್ದರು. ನವೆಂಬರ್ ೧ರಂದು ವಿಶಾಲ ಮೈಸೂರು ಉದಯಿಸಿದಾಗ ಎಸ್. ನಿಜಲಿಂಗಪ್ಪನವರು ಆ ಸ್ಥಾನಕ್ಕೆ ಬಂದರು.

ಹನುಮಂತಯ್ಯನವರು ಮುಂದೆ ಲೋಕಸಭೆಗೆ ಆರಿಸಿಬಂದರು. ಕೇಂದ್ರದ ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿಯೂ ರೈಲ್ವೆ ಮಂತ್ರಿಗಳಾಗಿಯೂ ಸೇವೆ ಸಲ್ಲಿಸಿದರು. ೧೯೭೩ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾದುದನ್ನು ಕಂಡು, ೧೯೮೦ರಲ್ಲಿ ತೀರಿಕೊಂಡರು. ಒಂಬತ್ತು ಜಿಲ್ಲೆಗಳ ರಾಜ್ಯಕ್ಕೆಂದು ಅವರು ಎತ್ತರವಾಗಿ ಕಟ್ಟಿಸಿದ ಸೌಧದಲ್ಲಿ ಬೀದರಿನ, ಬೆಳಗಾವಿಯ, ಮಂಗಳೂರಿನ, ಮಡಿಕೇರಿಯ ಪ್ರತಿನಿಧಿಗಳು ಬಂದು ಕುಳಿತರು. ಅಲ್ಲಿ ಕೆತ್ತಿಸಿರುವ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂಬ ಮಾತನ್ನು ಓದುವವರು, ಅದನ್ನು ಕೆತ್ತಿಸಿದವರು ಆ ಕೆಲಸಕ್ಕಾಗಿ ಏನನ್ನು ಪಣಕ್ಕೊಡ್ಡಿದರೆಂಬುದನ್ನೂ ನೆನೆಯುವುದು ಉಚಿತ.