ಬಸ್ಸಿನ ದಾರಿಯಲ್ಲಿ ಬೈಕಿಗೇನು ಕೆಲಸ?

ರಸ್ತೆಯ ಎಡಬದಿಗೆ ಒಂದು ಗೆರೆ ಎಳೆದು, ಅದರೊಳಗೆ ‘ಬಸ್ಸಿಗೆ ಮಾತ್ರ’ ಅಂತ ಬರೆದರೆ ಕೆಲಸ ಮುಗಿಯಿತು ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಜಗಳ ಶುರುವಾಗುವುದೇ ಆಮೇಲೆ. ಆ ಗೆರೆಯೊಳಗೆ ಬಸ್ಸು ಬಿಟ್ಟು ಇನ್ಯಾರು ಬರಬಹುದು? ಸೈಕಲ್ ಬರಬಹುದಾ? ಟ್ಯಾಕ್ಸಿ? ಎರಡು ಕಾರಿನ ಸಂದಿಯಲ್ಲಿ ನುಸುಳುತ್ತಾ ದಿನಾ ಜೀವ ಕೈಯಲ್ಲಿ ಹಿಡಿದುಕೊಂಡು ಹೋಗುವ ಮೋಟಾರ್‌ಸೈಕಲ್ಲಿನವನು?

ಈ ಕೊನೆಯ ಪ್ರಶ್ನೆಯನ್ನು ಲಂಡನ್ ನಗರ ವರ್ಷಗಟ್ಟಲೆ ಜಗ್ಗಾಡಿದೆ. ಆ ಕಥೆ ನಮಗ್ಯಾಕೆ ಅಂತೀರಾ? ಅವರೂ ನಮ್ಮ ಹಾಗೇ ರಸ್ತೆಯ ಎಡಕ್ಕೆ ಓಡಿಸುವವರು. ಅವರ ಬಸ್ ಲೇನೂ ಸಾಮಾನ್ಯವಾಗಿ ಫುಟ್‌ಪಾತಿನ ಪಕ್ಕದಲ್ಲೇ ಇರುತ್ತದೆ. ಇದೇ ಪ್ರಶ್ನೆ ನಮ್ಮ ಬಾಗಿಲಿಗೂ ಬಂದು ಹೋಗಿದೆ, ಮತ್ತೆ ಬರುತ್ತದೆ ಕೂಡಾ. ಹಾಗಾಗಿ ಸ್ವಲ್ಪ ಹಿಂದಿನಿಂದ ಶುರುಮಾಡೋಣ.

ಲಂಡನ್ನಿನ ಮೊದಲ ಬಸ್ ಲೇನ್ ಬಂದಿದ್ದು 1968ರ ಫೆಬ್ರವರಿಯಲ್ಲಿ, ವಾಕ್ಸ್‌ಹಾಲ್ ಸೇತುವೆಯ ಮೇಲೆ. ಎರಡನೇ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಕಾರುಗಳು ಹೆಚ್ಚಿದ್ದವು. ಕಾರು ಹೆಚ್ಚಾದಂತೆ ಬಸ್ಸು ನಿಧಾನವಾಯಿತು, ಬಸ್ಸು ನಿಧಾನವಾದಂತೆ ಜನ ಅದನ್ನು ಬಿಟ್ಟು ಕಾರು ಕೊಂಡರು, ಅದರಿಂದ ಬಸ್ಸು ಇನ್ನಷ್ಟು ನಿಧಾನವಾಯಿತು. ಈ ಸುಳಿಯಿಂದ ಹೊರಬರಲು ಹುಡುಕಿದ ದಾರಿಗಳಲ್ಲಿ ಇದೂ ಒಂದು. ಉಪಾಯ ಬಹಳ ಸರಳ. ಒಂದು ಬಸ್ಸಿನಲ್ಲಿ ಅರವತ್ತು ಎಪ್ಪತ್ತು ಜನ ಇದ್ದಾರೆ. ಅಷ್ಟೇ ಜನ ಕಾರಿನಲ್ಲಿ ಬಂದರೆ ರಸ್ತೆಯುದ್ದಕ್ಕೂ ಸಾಲು ನಿಲ್ಲುತ್ತದೆ. ಹಾಗಾದರೆ ಬಸ್ಸನ್ನು ಆ ಸಾಲಿನ ಹಿಂದೆ ನಿಲ್ಲಿಸುವುದು ಯಾವ ನ್ಯಾಯ?

ಅಂದರೆ ಆ ಜಾಗವನ್ನು ಬಸ್ಸೆಂಬ ವಾಹನಕ್ಕೆ ಕೊಟ್ಟದ್ದಲ್ಲ, ಬಸ್ಸಿನೊಳಗಿನ ಜನಕ್ಕೆ ಕೊಟ್ಟದ್ದು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬರಬರುತ್ತಾ ಬಸ್ ಲೇನಿನೊಳಕ್ಕೆ ಸೈಕಲ್ಲಿಗೆ ಜಾಗ ಸಿಕ್ಕಿತು. ಬಸ್ಸು ಸೈಕಲ್ಲನ್ನು ದಾಟಿ ಹೋಗಬೇಕೆಂದರೆ ಲೇನು ಕನಿಷ್ಠ 4 ಮೀಟರ್ ಅಗಲ ಇರಬೇಕು. ಅಷ್ಟಿಲ್ಲದ ಕಡೆ ಡಬಲ್ ಡೆಕ್ಕರ್ ಬಸ್ಸು ಒಬ್ಬ ಸೈಕಲ್ ಸವಾರನ ಹಿಂದೆ ಮದುವೆ ದಿಬ್ಬಣದ ಹಾಗೆ ಹೋಗುತ್ತದೆ :-) ಆದರೂ ಸೈಕಲ್ಲಿನವರು ಕಾರುಗಳ ನಡುವೆ ಸಾಯುವುದಕ್ಕಿಂತ ಇದೇ ವಾಸಿ ಅಂತ ಒಪ್ಪಿಕೊಂಡರು. ಲಂಡನ್ನಿನ ಕಪ್ಪು ಟ್ಯಾಕ್ಸಿಗಳಿಗೂ ಬಹಳಷ್ಟು ಲೇನುಗಳಲ್ಲಿ ಅವಕಾಶ ಸಿಕ್ಕಿತು. ಮೋಟಾರ್‌ಸೈಕಲ್ ಮಾತ್ರ ಹೊರಗೇ ಉಳಿಯಿತು. 1997ರಲ್ಲಿ ಬ್ರಿಟನ್ ಸರ್ಕಾರ ಸ್ಥಳೀಯ ಆಡಳಿತಗಳಿಗೆ ಕೊಟ್ಟ ಮಾರ್ಗದರ್ಶಿಯಲ್ಲಿ, ಸಾಮಾನ್ಯವಾಗಿ ಮೋಟಾರ್‌ಸೈಕಲ್‌ಗಳನ್ನು ಬಸ್ ಲೇನಿಗೆ ಬಿಡಬಾರದು ಎಂದೇ ಇತ್ತು.

ಆದರೆ ಎಲ್ಲರೂ ಹಾಗೆ ನಡೆದುಕೊಳ್ಳಲಿಲ್ಲ. ಬ್ರಿಸ್ಟಲ್ ನಗರ 1990ರ ದಶಕದಲ್ಲೇ ಬೈಕುಗಳನ್ನು ಒಳಕ್ಕೆ ಬಿಟ್ಟಿತ್ತು. 1999ರಲ್ಲಿ ಹೀಥ್ರೂ ಕಡೆಯಿಂದ ಲಂಡನ್ನಿಗೆ ಬರುವ ಎಂ4 ಹೆದ್ದಾರಿಯಲ್ಲಿ ಮಾಡಿದ ಬಸ್ ಲೇನಿನಲ್ಲೂ ಬಸ್ಸು, ಟ್ಯಾಕ್ಸಿಗಳ ಜೊತೆಗೆ ಮೋಟಾರ್‌ಸೈಕಲ್ಲಿಗೆ ಅವಕಾಶ ಇತ್ತು. ಆ ಲೇನಿನ ಹಣೆಬರಹವೂ ನೋಡುವಂಥದ್ದು. ಕಾರಿನವರು ಅದನ್ನು ಬೈದದ್ದು ಅಷ್ಟಿಷ್ಟಲ್ಲ. ನಿಂತ ಕಾರಿನೊಳಗೆ ಕೂತವನಿಗೆ ಪಕ್ಕದ ಖಾಲಿ ಲೇನು ಕಣ್ಣಿಗೆ ಚುಚ್ಚುತ್ತದೆ. ಅಲ್ಲಿ ಎರಡು ನಿಮಿಷಕ್ಕೊಮ್ಮೆ ಹೋಗುವ ಬಸ್ಸಿನಲ್ಲಿ ತನ್ನ ಲೇನಿಗಿಂತ ಹೆಚ್ಚು ಜನ ಇರಬಹುದು ಅನ್ನುವುದು ಹೊಳೆಯುವುದಿಲ್ಲ. 2010ರಲ್ಲಿ ಸರ್ಕಾರ ಬದಲಾಯಿತು, ಅದೇ ವರ್ಷ ಆ ಲೇನೂ ಹೋಯಿತು.

ಈ ನಡುವೆ 2003ರ ಫೆಬ್ರವರಿಯಲ್ಲಿ ಲಂಡನ್ನಿನ ನಡುಭಾಗಕ್ಕೆ ಕಾರು ತಂದರೆ ದಿನಕ್ಕೆ 5 ಪೌಂಡ್ ಕಟ್ಟಬೇಕೆಂಬ ನಿಯಮ ಬಂತು. ಮೋಟಾರ್‌ಸೈಕಲ್ಲಿಗೆ ಈ ಶುಲ್ಕ ಇರಲಿಲ್ಲ. ಆಗ ಬೈಕಿನವರ ಸಂಘಟನೆಗಳು ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು. ‘ನಾವು ರಸ್ತೆಯಲ್ಲಿ ಕಡಿಮೆ ಜಾಗ ತಿನ್ನುತ್ತೇವೆ ಅಂತ ನೀವೇ ಒಪ್ಪಿ ಶುಲ್ಕ ಬಿಟ್ಟಿದ್ದೀರಿ. ಹಾಗಾದರೆ ಬಸ್ ಲೇನಿನಿಂದ ಯಾಕೆ ಓಡಿಸುತ್ತೀರಿ?’ ಅದರ ಹಿಂದೆ ಇನ್ನೂ ಗಂಭೀರವಾದ ಸಂಗತಿ ಇತ್ತು. ಲಂಡನ್ನಿನ ವಾಹನ ಸಂಚಾರದಲ್ಲಿ ಮೋಟಾರ್‌ಸೈಕಲ್‌ಗಳ ಪಾಲು ನೂರಕ್ಕೆ ಮೂರೂ ಇಲ್ಲ. ಆದರೆ ರಸ್ತೆ ಅಪಘಾತದಲ್ಲಿ ಸಾಯುವವರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಅವರೇ.

2007ರ ಹೊತ್ತಿಗೆ ಸರ್ಕಾರದ ಧಾಟಿ ಮೆತ್ತಗಾಯಿತು. ‘ಬಿಡಬಾರದು’ ಎನ್ನುವ ಬದಲು ‘ಎಲ್ಲರಿಗೂ ಆಗುವ ಲಾಭ ನಷ್ಟ ನೋಡಿಕೊಂಡು ನೀವೇ ತೀರ್ಮಾನಿಸಿ’ ಎಂದು ಹೊಸ ಸಲಹೆ ಬಂತು. ಲಂಡನ್ನಿನಲ್ಲಿ ಕೆನ್ ಲಿವಿಂಗ್‌ಸ್ಟನ್ ಮೇಯರ್ ಆಗಿದ್ದಾಗ ಬೆರಳೆಣಿಕೆಯ ರಸ್ತೆಗಳಲ್ಲಿ ಪ್ರಯೋಗ ನಡೆದಿತ್ತು, ಆದರೆ ಊರೆಲ್ಲ ಹಬ್ಬಲಿಲ್ಲ. 2008ರ ಮೇ ತಿಂಗಳ ಚುನಾವಣೆಯಲ್ಲಿ ಬೋರಿಸ್ ಜಾನ್ಸನ್ ಗೆದ್ದರು. ಬೈಕುಗಳನ್ನು ಬಸ್ ಲೇನಿಗೆ ಬಿಡುತ್ತೇನೆ ಅನ್ನುವುದು ಅವರ ಭರವಸೆಗಳಲ್ಲೊಂದಾಗಿತ್ತು.

2009ರ ಜನವರಿ 5ರಂದು ಹದಿನೆಂಟು ತಿಂಗಳ ಪ್ರಯೋಗ ಶುರುವಾಯಿತು. ಅದು ಎಲ್ಲ ರಸ್ತೆಗಳಲ್ಲೂ ಅಲ್ಲ. ಲಂಡನ್ ಸಾರಿಗೆ ಸಂಸ್ಥೆಯ ಕೈಯಲ್ಲಿರುವುದು ‘ಕೆಂಪು ಗೆರೆ’ಯ ಮುಖ್ಯ ರಸ್ತೆಗಳು ಮಾತ್ರ, ಸುಮಾರು 580 ಕಿಲೋಮೀಟರ್. ಊರಿನ ರಸ್ತೆಗಳಲ್ಲಿ ಅದು ನೂರಕ್ಕೆ ಐದು ಭಾಗವಾದರೂ ವಾಹನ ಸಂಚಾರದ ಮೂರನೇ ಒಂದು ಭಾಗದಷ್ಟು ಓಡುವುದು ಅದರ ಮೇಲೆಯೇ. ಮಿಕ್ಕ ಬಹುಪಾಲು ರಸ್ತೆಗಳು 32 ಬರೋಗಳು ಮತ್ತು ಸಿಟಿ ಆಫ್ ಲಂಡನ್ ಆಡಳಿತದ ಕೈಯಲ್ಲಿವೆ. ಹಾಗಾಗಿ ಒಂದು ಬಸ್ ಲೇನಿನಲ್ಲಿ ಬೈಕು ಸರಿ, ತಿರುವು ದಾಟಿದರೆ ಅದೇ ಬೈಕಿಗೆ ದಂಡ! ಫಲಕದ ಮೇಲೆ ಮೋಟಾರ್‌ಸೈಕಲ್ಲಿನ ಚಿತ್ರ ಇದೆಯೋ ಇಲ್ಲವೋ ಅಂತ ಪ್ರತಿ ಸಲ ಕತ್ತೆತ್ತಿ ನೋಡಬೇಕು.

ಪ್ರಯೋಗದ ಫಲಿತಾಂಶ ಯಾರಿಗೂ ಪೂರ್ತಿ ಸಂತೋಷ ಕೊಡಲಿಲ್ಲ. ಬೈಕಿನವರು ಬೇಗ ತಲುಪಿದರು, ಅದೇನೋ ನಿಜ. ಆದರೆ ಖಾಲಿ ಲೇನು ಸಿಕ್ಕ ಕೂಡಲೇ ಮಿತಿ ಮೀರಿ ಓಡಿಸುವುದು ದೊಡ್ಡ ತಲೆನೋವಾಯಿತು. ಮೊದಲಿಂದಲೂ ವಿರೋಧಿಸುತ್ತಿದ್ದ ಲಂಡನ್ ಸೈಕ್ಲಿಂಗ್ ಕ್ಯಾಂಪೇನ್‌ನವರು ತಮ್ಮ ಹಿಂದೆ ಬರುವ ಎಂಜಿನ್ ಸದ್ದಿನ ಭಯ ಹೇಳಿಕೊಂಡರು. 2010ರ ಜುಲೈಯಲ್ಲಿ ಎರಡನೇ ಪ್ರಯೋಗ ಶುರುವಾಯಿತು, ಈ ಸಲ ಪೊಲೀಸರ ಕಣ್ಗಾವಲು ಮತ್ತು ಸವಾರರಿಗೆ ತರಬೇತಿ ಸೇರಿಸಿ. ಕೊನೆಗೆ 2012ರ ಜನವರಿಯಲ್ಲಿ ಕೆಂಪು ಗೆರೆಯ ರಸ್ತೆಗಳ ಬಹುತೇಕ ಬಸ್ ಲೇನುಗಳಲ್ಲಿ ಬೈಕಿಗೆ ಶಾಶ್ವತ ಅನುಮತಿ ಸಿಕ್ಕಿತು.

ಇದರಲ್ಲಿ ಅಪಾಯ ಎಲ್ಲಿದೆ ಅಂತ ಕೇಳಬಹುದು. ನೀವೇ ಕಣ್ಣಮುಂದೆ ತಂದುಕೊಳ್ಳಿ. ಕಾರುಗಳ ಸಾಲು ನಿಂತಿದೆ. ಎದುರುಗಡೆಯಿಂದ ಬಂದ ಕಾರೊಂದು ಬಲಕ್ಕೆ ತಿರುಗಿ ಈ ಬದಿಯ ಅಡ್ಡರಸ್ತೆಗೆ ಹೋಗಬೇಕು. ಸಾಲಿನಲ್ಲಿದ್ದ ಪುಣ್ಯಾತ್ಮನೊಬ್ಬ ಜಾಗ ಬಿಟ್ಟು ‘ಹೋಗಿ’ ಅಂತ ಕೈಸನ್ನೆ ಮಾಡುತ್ತಾನೆ. ಆ ಕಾರು ಸಾಲು ದಾಟಿ ಬಸ್ ಲೇನಿಗೆ ಮೂಗು ಹಾಕುತ್ತದೆ. ಅಲ್ಲಿ ಬಸ್ಸು ಬರುತ್ತಿದ್ದರೆ ಅದರ ಎತ್ತರಕ್ಕೆ ದೂರದಿಂದಲೇ ಕಂಡಿರುತ್ತಿತ್ತು. ಆದರೆ ಬೈಕು? ನಿಂತ ಕಾರುಗಳ ಮರೆಯಲ್ಲಿ ಅದು ಕಾಣುವುದೇ ಇಲ್ಲ. ಎಡಕ್ಕೆ ತಿರುಗುವ ಕಾರಿನದೂ ಇದೇ ಕಥೆ, ಅದು ಬಸ್ ಲೇನನ್ನು ಅಡ್ಡಹಾಯ್ದೇ ಹೋಗಬೇಕು. ಎರಡು ಕಾರಿನ ನಡುವಿನಿಂದ ರಸ್ತೆ ದಾಟುವ ಅಜ್ಜಿಯೂ ನೋಡುವುದು ಬಸ್ಸು ಬರುತ್ತಿದೆಯಾ ಅಂತ ಮಾತ್ರ. ಬೈಕಿನವನ ವೇಗ ಕಡಿಮೆ ಇದ್ದರೆ ಬ್ರೇಕ್ ಹಾಕುವಷ್ಟು ಸಮಯ ಇರುತ್ತದೆ. ಐವತ್ತು ದಾಟಿದ್ದರೆ ಇರುವುದಿಲ್ಲ. ಅಂದರೆ ಕಾರುಗಳ ನಡುವಿನ ಅಪಾಯವನ್ನು ತಪ್ಪಿಸಿ ಬಂದವನಿಗೆ ತಿರುವಿನಲ್ಲಿ ಇನ್ನೊಂದು ಅಪಾಯ ಕಾದಿರುತ್ತದೆ. ಅದು ವೇಗದ ಜೊತೆಗೇ ಬೆಳೆಯುತ್ತದೆ.

ಬೈಕಿನವರು ಒಳಬಂದ ವರ್ಷವೇ ಖಾಸಗಿ ಬಾಡಿಗೆ ಕಾರುಗಳೂ ಬಾಗಿಲು ತಟ್ಟಿದವು. ದೊಡ್ಡ ಕಂಪನಿಯೊಂದರ ಮುಖ್ಯಸ್ಥರು 2012ರ ಏಪ್ರಿಲಿನಲ್ಲಿ ‘ಕಪ್ಪು ಟ್ಯಾಕ್ಸಿ ಹೋಗಬಹುದಾದರೆ ನಾವ್ಯಾಕೆ ಹೋಗಬಾರದು, ನುಗ್ಗಿ’ ಅಂತ ತಮ್ಮ ಚಾಲಕರಿಗೆ ಹೇಳಿಬಿಟ್ಟರು. ವ್ಯಾಜ್ಯ ಯುರೋಪಿನ ನ್ಯಾಯಾಲಯದ ತನಕ ಹೋಯಿತು. ಕಪ್ಪು ಟ್ಯಾಕ್ಸಿಗೆ ಮಾತ್ರ ಅವಕಾಶ ಕೊಟ್ಟಿರುವುದರಲ್ಲಿ ತಪ್ಪಿಲ್ಲ ಎಂಬರ್ಥದ ತೀರ್ಪು 2015ರ ಜನವರಿಯಲ್ಲಿ ಬಂತು. ನೋಡಿ, ಹೀಗೇ ಆಗುವುದು. ಒಬ್ಬರಿಗೆ ಬಾಗಿಲು ತೆಗೆದರೆ ಪಕ್ಕದಲ್ಲಿ ನಿಂತವನೂ ಕಾಲಿಡುತ್ತಾನೆ, ಅವನ ವಾದದಲ್ಲೂ ಒಂದಿಷ್ಟು ಹುರುಳಿರುತ್ತದೆ.

ಈಗ ನಮ್ಮ ಕಡೆಗೆ ಬರೋಣ.

2019ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್‌ಬೋರ್ಡ್ ಕಡೆಯಿಂದ ಬಸ್ ಆದ್ಯತಾ ಪಥ ಶುರುವಾಯಿತು. ‘ನಿಂಬಸ್’ ಅಂತ ಮುದ್ದಿನ ಹೆಸರೂ ಇತ್ತು. ಗೂಟಗಳನ್ನು ನೆಟ್ಟು ಲೇನು ಬೇರೆ ಮಾಡಿದ್ದರು. ಕಾವಲಿಗೆ ಜನ ನಿಂತಿದ್ದಾಗ ಬಸ್ಸು ಸಲೀಸಾಗಿ ಹೋಗುತ್ತಿತ್ತು. ಕಾವಲು ಇಲ್ಲದ ಕಡೆ ಗೂಟಗಳ ಸಂದಿಯಲ್ಲಿ ಮೊದಲು ನುಗ್ಗುತ್ತಿದ್ದುದು ಯಾರು ಅಂತ ನಾನು ಹೇಳಬೇಕಾಗಿಲ್ಲ ತಾನೇ? ಕಾರು ತೂರಲಾಗದ ಸಂದಿಯಲ್ಲೂ ಬೈಕು ತೂರುತ್ತದೆ. ಅಷ್ಟರಲ್ಲಿ 2020ರಲ್ಲಿ ಕೊರೋನಾ ಬಂತು, ಅದರ ಬೆನ್ನಿಗೆ ಮೆಟ್ರೋ ಕಾಮಗಾರಿ ಬಂತು, ಪಥ ಮಾಯವಾಯಿತು. ಹುಬ್ಬಳ್ಳಿ ಧಾರವಾಡದವರು ಇನ್ನೂ ಗಟ್ಟಿ ಕೆಲಸ ಮಾಡಿದರು. ರಸ್ತೆಯ ನಡುವೆ ಬೇಲಿ ಹಾಕಿ, ನಿಲ್ದಾಣ ಕಟ್ಟಿ, 2018ರಲ್ಲಿ ‘ಚಿಗರಿ’ ಬಸ್ಸುಗಳನ್ನು ಓಡಿಸಿದರು. ಸುಮಾರು 22 ಕಿಲೋಮೀಟರ್ ದಾರಿ. ಚಿಗರಿ ಓಡಬೇಕಾದರೆ ಬಯಲು ಬೇಕಲ್ಲ!

ದೆಹಲಿಯ ಕಥೆ ದುಃಖದ್ದು. 2008ರಲ್ಲಿ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್ ತನಕ 5.8 ಕಿಲೋಮೀಟರ್ ಬಸ್ ಪಥ ಮಾಡಿದರು. ಕಾರಿನವರು ಕೋರ್ಟಿಗೆ ಹೋದರು. 2012ರಲ್ಲಿ ಹೈಕೋರ್ಟು ಬಸ್ಸಿನ ಪರವಾಗಿಯೇ ತೀರ್ಪು ಕೊಟ್ಟಿತು. ಆದರೂ 2016ರ ಹೊತ್ತಿಗೆ ಅದನ್ನು ಕಿತ್ತು ಹಾಕಲಾಯಿತು. ಕೋರ್ಟಿನಲ್ಲಿ ಗೆದ್ದ ಲೇನು ಬೀದಿಯಲ್ಲಿ ಸೋತಿತು.

ಹಾಗಾದರೆ ಲಂಡನ್ನಿನ ಉತ್ತರವನ್ನು ನಾವೂ ತಂದುಕೊಳ್ಳಬಹುದಾ? ನನಗನ್ನಿಸುವುದು ಇಲ್ಲ ಅಂತ. ಕಾರಣ ಲೆಕ್ಕದಲ್ಲೇ ಇದೆ. ಅಲ್ಲಿ ಬೈಕುಗಳು ಊಟದಲ್ಲಿ ಉಪ್ಪಿನಕಾಯಿ ಇದ್ದಷ್ಟು. ಒಳಗೆ ಬಿಟ್ಟರೂ ಬಸ್ ಲೇನು ಬಸ್ ಲೇನಾಗಿಯೇ ಇರುತ್ತದೆ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳಲ್ಲಿ ಮೂರರಲ್ಲಿ ಎರಡು ದ್ವಿಚಕ್ರಗಳೇ. ಇಲ್ಲಿ ಬಿಟ್ಟರೆ ಅದು ಬೈಕ್ ಲೇನಾಗುತ್ತದೆ, ಬಸ್ಸು ಅದರಲ್ಲಿ ಅತಿಥಿಯಾಗುತ್ತದೆ. ಸ್ಟಾಪಿನಲ್ಲಿ ಬಸ್ಸು ಎಡಕ್ಕೆ ನಿಂತಾಗ ಬಾಗಿಲಿಗೂ ಫುಟ್‌ಪಾತಿಗೂ ನಡುವೆ ಬೈಕು ನುಸುಳುವುದನ್ನು ನಾವು ದಿನಾ ನೋಡುತ್ತೇವೆ. ಮಗುವನ್ನೆತ್ತಿಕೊಂಡು ಇಳಿಯುವ ಹೆಂಗಸಿನ ಎದೆ ಒಡೆಯುವುದು ಅಲ್ಲೇ.

ಬೊಗೊಟಾ ನಗರದ ಮೇಯರ್ ಆಗಿದ್ದ ಎನ್ರಿಕೆ ಪೆನ್ಯಾಲೋಸಾ ಹೇಳುತ್ತಿದ್ದುದು, ನೂರು ಜನರಿರುವ ಬಸ್ಸಿಗೆ ಒಬ್ಬನಿರುವ ಕಾರಿಗಿಂತ ನೂರು ಪಟ್ಟು ಜಾಗದ ಹಕ್ಕಿದೆ ಅಂತ. ‘ಅದೇ ಲೆಕ್ಕದಲ್ಲಿ ಒಬ್ಬನಿಗೆ ಒಂದು ಬೈಕಿನಷ್ಟು ಜಾಗ ನಮಗೂ ಕೊಡಿ’ ಅಂತ ಬೈಕಿನವರು ಕೇಳಿದರೆ ತಪ್ಪಿಲ್ಲ. ತಲೆಗಿಷ್ಟು ಜಾಗ ಎಂದು ಎಣಿಸಿದರೆ ಕಾರಿನವನಿಗಿಂತ ಅವರು ಎಷ್ಟೋ ಮೇಲು. ಅದರಲ್ಲೂ ಊಟದ ಪೊಟ್ಟಣ ಬೆನ್ನಿಗೆ ಕಟ್ಟಿಕೊಂಡು ನಿಮಿಷ ಎಣಿಸುತ್ತಾ ಓಡುವ ಹುಡುಗರು ಮೋಜಿಗೆ ಬೈಕು ಹತ್ತಿದವರಲ್ಲ. ಅವರಿಗೂ ಸುರಕ್ಷಿತ ದಾರಿ ಬೇಕು. ಆದರೆ ಆ ಜಾಗವನ್ನು ಕಾರಿನ ಪಾಲಿನಿಂದ ತೆಗೆಯಬೇಕು, ಬಸ್ಸಿನ ಪಾಲಿನಿಂದಲ್ಲ. ಮಲೇಷ್ಯಾದವರು 1970ರ ದಶಕದಲ್ಲೇ ಕ್ವಾಲಾಲಂಪುರ ಮತ್ತು ಕ್ಲಾಂಗ್ ನಡುವಿನ ಫೆಡರಲ್ ಹೆದ್ದಾರಿಯ ಬದಿಗೆ ಬೈಕಿಗಂತಲೇ ಬೇರೆ ದಾರಿ ಮಾಡಿದರು. ಅದರಿಂದ ಆ ದೇಶದ ಎಲ್ಲ ಸಾವು ನಿಲ್ಲಲಿಲ್ಲ, ನಿಜ. ಆದರೆ ಪ್ರಶ್ನೆಯನ್ನು ಅವರು ಸರಿಯಾಗಿ ಕೇಳಿಕೊಂಡರು. ‘ಬೈಕನ್ನು ಯಾರ ಜಾಗಕ್ಕೆ ತೂರಿಸೋಣ’ ಅಂತ ಅಲ್ಲ, ‘ಬೈಕಿಗೆ ಎಲ್ಲಿ ಜಾಗ ಮಾಡೋಣ’ ಅಂತ.

ಬಸ್ಸಿಗೆ ಕಾಯುವವರಲ್ಲಿ ಹೆಚ್ಚಿನವರಿಗೆ ಬೇರೆ ದಾರಿಯಿಲ್ಲ. ಬೈಕಿನವನಿಗೆ ಹತ್ತು ನಿಮಿಷ ಉಳಿಯಬಹುದು. ಆದರೆ ಬಸ್ಸು ಹತ್ತು ನಿಮಿಷ ತಡವಾದರೆ ಅರವತ್ತು ಜನರ ಹತ್ತು ನಿಮಿಷ ಹೋಗುತ್ತದೆ. ಅವರಲ್ಲಿ ಗಾರ್ಮೆಂಟ್ಸಿಗೆ ತಡವಾಗಿ ಹೋದರೆ ಸಂಬಳ ಕಳೆದುಕೊಳ್ಳುವವರಿರುತ್ತಾರೆ, ಪರೀಕ್ಷೆಗೆ ಹೊರಟ ಮಕ್ಕಳಿರುತ್ತಾರೆ. ವಾಕ್ಸ್‌ಹಾಲ್ ಸೇತುವೆಯ ಮೇಲೆ 1968ರಲ್ಲಿ ಎಳೆದ ಗೆರೆ ಅಂಥವರಿಗಾಗಿಯೇ. ಅದನ್ನು ಯಾರಿಗೆ ಬಿಟ್ಟುಕೊಡುತ್ತೇವೆ ಅನ್ನುವ ಮೊದಲು ಅವರನ್ನೊಮ್ಮೆ ಕೇಳಬೇಕಲ್ಲವೇ?

ನಿಮ್ಮಲ್ಲಿ ಬೈಕಿನವರೂ ಇದ್ದೀರಿ, ಬಸ್ಸಿನವರೂ ಇದ್ದೀರಿ. ಏನನ್ನಿಸುತ್ತದೆ, ಹೇಳಿ.