ಸಂತೆಯ ಬಯಲು

ಒಂದು ಊರು ವಾಸಕ್ಕೆ ಹಿತವೆನಿಸುವುದು ಯಾವುದರಿಂದ? ಕೋಟೆಯಿಂದಲೋ, ದೇಗುಲದಿಂದಲೋ, ಹೊಳೆಯ ದಂಡೆಯಿಂದಲೋ? ಇಂಗ್ಲೆಂಡಿನ ಲಡ್‌ಲೋ ಪಟ್ಟಣದಲ್ಲಿ ಒಂದು ವಾರ ತಂಗಿದ್ದಾಗ ಈ ಪ್ರಶ್ನೆ ನನ್ನನ್ನು ಕಾಡಿತು.

ವೇಲ್ಸ್ ಗಡಿಯ ಸಮೀಪ, ಷ್ರಾಪ್‌ಷೈರ್ ಪ್ರಾಂತದಲ್ಲಿ, ಟೀಮ್ ನದಿಯ ದಂಡೆಯ ಮೇಲಿನ ದಿಬ್ಬದಲ್ಲಿ ಈ ಊರು ಕುಳಿತಿದೆ. 11ನೆಯ ಶತಮಾನದ ಕೊನೆಯಲ್ಲಿ ನಾರ್ಮನ್ ಸರದಾರರು ಇಲ್ಲಿ ಕೋಟೆ ಕಟ್ಟಿದರು. ಅದರ ಬಾಗಿಲ ಮುಂದೆಯೇ ವಿಶಾಲವಾದ ಸಂತೆಬೀದಿಯೊಂದು ಹಬ್ಬಿತು. ಕಾಲಕ್ರಮದಲ್ಲಿ ಅಂಗಡಿಯ ಚಪ್ಪರಗಳೇ ಮನೆಗಳಾಗಿ ನಿಂತವು. ಬೀದಿಯ ಒಂದು ಭಾಗ ಕಿರಿದಾದ ಓಣಿಗಳಾಗಿ ಒಡೆಯಿತು. ಇಂದು ಯಾತ್ರಿಕರು ಮೆಚ್ಚಿ ನೋಡುವ ಆ ಓಣಿಗಳು ಹಿಂದಿನ ವರ್ತಕರ ಒತ್ತುವರಿಯೇ ಎಂದು ತಿಳಿದಾಗ ನನಗೆ ನಗೆ ಬಂದಿತು.

ಲಡ್‌ಲೋ ಒಂದು ಕಾಲಕ್ಕೆ ವೇಲ್ಸ್ ಮತ್ತು ಗಡಿನಾಡನ್ನು ಆಳುವ ಮಂಡಲಿಯ ಪೀಠವಾಗಿತ್ತು. ಮಿಲ್ಟನ್ ಕವಿಯ ‘ಕೋಮಸ್’ ರೂಪಕವು 1634ರಲ್ಲಿ ಮೊದಲು ಪ್ರಯೋಗವಾದದ್ದು ಈ ಕೋಟೆಯಲ್ಲಿಯೇ. 1689ರಲ್ಲಿ ಆ ಮಂಡಲಿ ರದ್ದಾಯಿತು. ಅಧಿಕಾರ ಹೊರಟುಹೋಯಿತು, ಕೋಟೆ ಪಾಳುಬಿದ್ದಿತು. ಊರು ಮಾತ್ರ ಪಾಳಾಗಲಿಲ್ಲ. ಸುತ್ತಲಿನ ರೈತರು ಸಂತೆಗೆ ಬರುವುದನ್ನು ಬಿಡಲಿಲ್ಲ. ಕೈಗವಸು ಹೊಲಿಯುವ ಕಸುಬು ಅನೇಕರಿಗೆ ಅನ್ನ ಕೊಟ್ಟಿತು. ಸಿರಿವಂತರು ಬ್ರಾಡ್ ಸ್ಟ್ರೀಟಿನಲ್ಲಿ ಇಟ್ಟಿಗೆಯ ಚೆಲುವಾದ ಮನೆಗಳನ್ನು ಕಟ್ಟಿಕೊಂಡರು.

ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಸಂತೆಯ ಬಯಲಿನ ನಡುವೆ ದೊಡ್ಡ ಪುರಭವನವೊಂದು ಎದ್ದಿತು. 1986ರಲ್ಲಿ ಅದನ್ನು ಕೆಡವಿದರು. ಭವನ ಹೋಯಿತು, ಬಯಲು ಉಳಿಯಿತು. ಆ ಬಯಲಿನಲ್ಲಿ ಇಂದಿಗೂ ವಾರಕ್ಕೆ ಹಲವು ದಿನ ಸಂತೆ ನೆರೆಯುತ್ತದೆ. ಕಟ್ಟಡಗಳಿಗಿಂತ ಬಯಲು ಚಿರಾಯು ಎಂಬುದನ್ನು ನಾನು ಕಣ್ಣಾರೆ ಕಂಡೆ. ಮನೆಯಿಂದ ನಡೆದೇ ಅಲ್ಲಿಗೆ ಹೋಗಬಹುದು. ಮೂರನೆಯ ದಿನಕ್ಕೆ ರೊಟ್ಟಿ ಮಾರುವವನು ಪರದೇಶಿಯಾದ ನನ್ನ ಗುರುತು ಹಿಡಿದು ಯೋಗಕ್ಷೇಮ ವಿಚಾರಿಸಿದ.

ಆತನ ಮನೆ ಎಲ್ಲಿ ಎಂದು ಕೇಳಿದೆ. “ಈ ಊರಿನಲ್ಲಿ ಮನೆ ಕೊಳ್ಳುವ ಶಕ್ತಿ ನನಗೆಲ್ಲಿ? ಹನ್ನೆರಡು ಮೈಲಿ ದೂರದಿಂದ ಬರುತ್ತೇನೆ” ಎಂದ. ಊರಿನ ಸೊಗಸನ್ನು ಮೆಚ್ಚಿ, ನನ್ನಂತೆ ನಿವೃತ್ತರಾದವರು ಅಲ್ಲಿ ಬಂದು ನೆಲೆಸುತ್ತಾರೆ. ಆ ಸೊಗಸನ್ನು ದಿನದಿನವೂ ಉಂಟುಮಾಡುವವನು ಊರ ಹೊರಗೆ ಉಳಿಯುತ್ತಾನೆ.

ಅಧಿಕಾರ ಹೋದಾಗಲೂ ಲಡ್‌ಲೋ ಉಳಿಯಿತು, ಸಂತೆ ಇದ್ದುದರಿಂದ. ಸಂತೆಯವರೇ ವಾಸಿಸಲಾರದಂತಾದರೆ ಊರು ಚಿತ್ರಪಟವಾಗಿ ಉಳಿದೀತು, ಊರಾಗಿ ಅಲ್ಲ.